ಸವೆತ ಎಂಬ ಮಾತು

ಎರಡು ವರ್ಷಗಳ ಹಿಂದೆ ಶ್ರಾವಣದ ಒಂದು ಬೆಳಗ್ಗೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಹೋದ ಅಮ್ಮ ಅಂಗಳದ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದಳು. ಬೀಳುವಾಗ ಬಲಗೈಯನ್ನು ಮುಂದಕ್ಕೆ ಊರಿದ್ದರಿಂದ ತಲೆಗೂ ಸೊಂಟಕ್ಕೂ ಏನೂ ಆಗಲಿಲ್ಲ; ಮಣಿಕಟ್ಟು ಮಾತ್ರ ಮುರಿಯಿತು. ಮೆಟ್ಟಿಲಿನಿಂದ ಉರುಳಿದ್ದಲ್ಲ, ಗಾಡಿ ಗುದ್ದಿದ್ದಲ್ಲ, ನಿಂತ ಎತ್ತರದಿಂದ ಬಿದ್ದದ್ದು ಅಷ್ಟೇ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಮೂಳೆ ಕೂಡಿಸಿ ಪ್ಲಾಸ್ಟರ್ ಹಾಕಿದರು, ಆರು ವಾರ ಕಳೆದ ಮೇಲೆ ಬಿಚ್ಚಿ, ‘ವಯಸ್ಸಾಯ್ತಲ್ಲ, ಮೂಳೆ ಸವೆದಿರುತ್ತೆ, ಇನ್ಮೇಲೆ ಜೋಪಾನ’ ಎಂದು ಹೇಳಿ ಕಳಿಸಿದರು. 71 ವರ್ಷದ ಹೆಂಗಸು ಇಷ್ಟು ಸಣ್ಣ ಪೆಟ್ಟಿಗೆ ಮೂಳೆ ಮುರಿದುಕೊಂಡರೆ ಅದರ ಸಾಂದ್ರತೆಯನ್ನು ಒಮ್ಮೆ ಅಳೆಸಿ ನೋಡಬೇಕು ಎಂದು ಅಲ್ಲಿ ಯಾರೂ ಹೇಳಲಿಲ್ಲ, ನಮಗೂ ತಿಳಿದಿರಲಿಲ್ಲ. ಕೈ ಊರಿ ಬಿದ್ದಾಗ ಆಗುವ ಈ ಮುರಿತವನ್ನು ಡಬ್ಲಿನ್‌ನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿಯೇ ವರ್ಣಿಸಿದ್ದರು. ಮುಟ್ಟು ನಿಂತ ಹೆಂಗಸರಲ್ಲಿ ಎಷ್ಟೋ ಸಲ ಇದೇ ಮೊದಲ ಮುನ್ಸೂಚನೆ. ಬೆನ್ನು, ಸೊಂಟಗಳ ಸರದಿ ಆಮೇಲೆ ಬರುತ್ತದೆ.

ಆ ‘ಜೋಪಾನ’ವನ್ನು ನಾವು ಮನೆಗೆ ತಂದು ಚಾಚೂ ತಪ್ಪದೆ ಪಾಲಿಸಿದೆವು. ಬೆಳಗಿನ ರಂಗೋಲಿ ನಿಂತಿತು. ಮಹಡಿಯ ಮೇಲೆ ಬಟ್ಟೆ ಒಣಹಾಕುವುದು, ಸಂಡಿಗೆ ಇಡುವುದು, ಮಾರುಕಟ್ಟೆಯಿಂದ ತರಕಾರಿ ಚೀಲ ಹಿಡಿದು ಬರುವುದು ಒಂದೊಂದಾಗಿ ನಿಂತವು. ನೆಲದ ಮೇಲೆ ಕೂತು ಈಳಿಗೆ ಮಣೆಯಲ್ಲಿ ಹೆಚ್ಚುತ್ತಿದ್ದವಳಿಗೆ ಮೇಜು, ಕುರ್ಚಿ, ಚಾಕು ಬಂದವು. ಬೆಂಗಳೂರಿನಿಂದ ತಮ್ಮ ಬಂದಾಗಲೆಲ್ಲ ‘ಅಮ್ಮಾ, ನೀನೇನೂ ಮಾಡ್ಬೇಡ, ಸುಮ್ನೆ ಕೂತ್ಕೊ, ಇಷ್ಟು ವರ್ಷ ದುಡಿದಿದ್ದು ಸಾಲದಾ’ ಎನ್ನುತ್ತಿದ್ದ. ನಾನೂ ಅದನ್ನೇ ಹೇಳುತ್ತಿದ್ದೆ. ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳುವುದೆಂದರೆ ಅವರ ಕೈಯಿಂದ ಕೆಲಸವನ್ನು ಬಿಡಿಸಿಕೊಳ್ಳುವುದು ಎಂದೇ ನಮ್ಮ ಕಡೆಯ ಲೆಕ್ಕ. ಮಗಳು, ಸೊಸೆ ಇದ್ದೂ ಮನೆಯ ಹಿರಿಯಳು ನೀರು ಹೊರುತ್ತಾಳೆಂದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಆದ್ದರಿಂದ ಅಮ್ಮ ಕೂತಳು. ಮೊದಮೊದಲು ಗೊಣಗುತ್ತ ಕೂತಳು, ಆಮೇಲೆ ಅಭ್ಯಾಸವಾಯಿತು.

ಮರುವರ್ಷದ ನವರಾತ್ರಿಯಲ್ಲಿ ಪಕ್ಕದ ಬೀದಿಯ ಮನೆಗೆ ಬೊಂಬೆ ನೋಡಲು ಹೋದೆವು. ಹಾಸಿದ ಜಮಖಾನದ ಮೇಲೆ ಅಮ್ಮ ಕೂತಳು, ಕೇಳಿದ್ದಕ್ಕೆ ಒಂದು ದೇವರನಾಮ ಹೇಳಿದಳು, ಅರಿಶಿನ ಕುಂಕುಮ ತೆಗೆದುಕೊಂಡಳು. ಹೊರಡುವಾಗ ಎಡಗೈಯನ್ನು ನೆಲಕ್ಕೂರಿ, ಒಂದು ಮಂಡಿಯನ್ನು ಮಡಿಸಿ ಮೇಲೇಳಲು ನೋಡಿದಳು. ತೊಡೆ ಅದುರಿತು, ಮತ್ತೆ ಕೂತುಬಿಟ್ಟಳು. ಕೈಯಲ್ಲಿದ್ದ ಕೋಸಂಬರಿಯ ದೊನ್ನೆಯನ್ನು ಪಕ್ಕಕ್ಕಿಟ್ಟು ಎರಡೂ ಕೈ ಊರಿ ಪ್ರಯತ್ನಿಸಿದಳು, ಆಗಲೂ ಆಗಲಿಲ್ಲ. ಕೊನೆಗೆ ಆ ಮನೆಯಾಕೆ ಒಂದು ಕಡೆ, ನಾನು ಒಂದು ಕಡೆ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆವು. ಎಲ್ಲರೂ ‘ಪರವಾಗಿಲ್ಲ, ವಯಸ್ಸಲ್ವಾ’ ಎಂದರು. ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಗೇಟಿನ ಹತ್ತಿರ ಬಂದಾಗ ಮಾತ್ರ, ಯಾರದೋ ವಿಷಯ ಹೇಳುವವಳಂತೆ, ‘ನಂಗೆ ಏಳೋಕ್ಕಾಗ್ಲಿಲ್ಲ ಕಣೇ’ ಎಂದಳು. ಹದಿನಾಲ್ಕು ತಿಂಗಳ ಹಿಂದೆ ಇದೇ ಹೆಂಗಸು ದಿನಕ್ಕೆ ಹತ್ತಾರು ಸಲ ನೆಲದಿಂದ ಎದ್ದು ಕೂರುತ್ತಿದ್ದಳು. ಮಣಿಕಟ್ಟು ಮುರಿದದ್ದು ಒಂದು. ಅದರ ಆರೈಕೆಯೆಂದು ನಾವು ಮಾಡಿದ್ದು ಇನ್ನೊಂದು. ಇವೆರಡರಲ್ಲಿ ಅವಳಿಗೆ ಹೆಚ್ಚು ಕೆಡುಕು ಮಾಡಿದ್ದು ಯಾವುದು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆಮೇಲೆ ಬೇರೊಬ್ಬ ವೈದ್ಯರ ಬಳಿ ಹೋಗಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಆರೋಗ್ಯವಂತ ಯುವತಿಯರ ಸರಾಸರಿ ಮೂಳೆ ಸಾಂದ್ರತೆಗಿಂತ ನಮ್ಮದು ಎಷ್ಟು ಕೆಳಗಿದೆ ಎನ್ನುವುದನ್ನು ಟಿ-ಸ್ಕೋರ್ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪರಿಣತರ ತಂಡ 1994ರಲ್ಲಿ ಗೊತ್ತುಮಾಡಿದಂತೆ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಅಮ್ಮನ ಸೊಂಟದ ಅಂಕಿ ಮೈನಸ್ 2.8 ಇತ್ತು.

ಸವೆಯುವುದು ಯಾವುದು

ನಮ್ಮ ಆಡುಮಾತಿನಲ್ಲಿ ‘ಮೂಳೆ ಸವೆತ’ ಎಂಬುದು ಎರಡು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಹೆಸರಾಗಿ ಕೂತಿದೆ. ಮಂಡಿ ನೋವಿನವರೂ ಅದನ್ನೇ ಹೇಳುತ್ತಾರೆ, ಸೊಂಟ ಮುರಿದವರ ಮನೆಯವರೂ ಅದನ್ನೇ ಹೇಳುತ್ತಾರೆ. ಮಂಡಿಯಲ್ಲಿ ಹಾಳಾಗುವುದು ಮುಖ್ಯವಾಗಿ ಕೀಲಿನಲ್ಲಿ ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ, ಅದು ಆಸ್ಟಿಯೋಆರ್ಥ್ರೈಟಿಸ್. ಅಮ್ಮನಿಗಿರುವುದು ಮೂಳೆಯ ಒಳಗಿನ ಜಾಲರಿ ತೆಳುವಾಗಿ, ಅಲ್ಲಲ್ಲಿ ಕಡಿದು, ಗೆದ್ದಲು ಹಿಡಿದ ತೊಲೆಯಂತೆ ಹೊರಗೆ ನೆಟ್ಟಗಿದ್ದೂ ಒಳಗೆ ಟೊಳ್ಳಾಗುವ ಕಾಯಿಲೆ. ಹೆಸರಿನ ಗೊಂದಲ ಅಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ‘ಸವೆತ’ ಎಂದಾಕ್ಷಣ ನಮ್ಮ ಕಣ್ಣಿಗೆ ಬರುವುದು ಚಪ್ಪಲಿಯ ಅಟ್ಟೆ, ಹಗ್ಗ ಉಜ್ಜಿ ಗೀರು ಬಿದ್ದ ಬಾವಿಕಟ್ಟೆಯ ಕಲ್ಲು, ತೇಯ್ದು ತೇಯ್ದು ಸಣ್ಣಗಾದ ಗಂಧದ ಕೊರಡು. ಬಳಸಿದಷ್ಟೂ ಕರಗುವ ವಸ್ತುಗಳು ಇವು. ಅಂಥ ವಸ್ತುವನ್ನು ಉಳಿಸಿಕೊಳ್ಳಬೇಕಾದರೆ ಬಳಸದೆ ಎತ್ತಿಡಬೇಕು. ನಾವು ಅಮ್ಮನನ್ನು ಎತ್ತಿಟ್ಟದ್ದು ಹೀಗೆಯೇ. ತಪ್ಪು ಮಾತೊಂದು ತಪ್ಪು ಆರೈಕೆಗೆ ದಾರಿ ಮಾಡಿಕೊಟ್ಟಿತು ಎಂದು ಈಗ ನನಗೆ ಖಚಿತವಾಗಿ ಅನಿಸುತ್ತದೆ.

ಮೂಳೆ ಕಲ್ಲಿನಂಥದ್ದಲ್ಲ, ಜೀವವಿರುವ ಅಂಗಾಂಶ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯದನ್ನು ಕೆಡವುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ಹೀಗೆ ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಪಾಲು ಪ್ರತಿವರ್ಷ ಹೊಸದಾಗುತ್ತದೆ. ಎಲ್ಲಿ ಕಟ್ಟಬೇಕು, ಎಲ್ಲಿ ಬಿಡಬೇಕು ಎಂದು ಹೇಳುವವು ಮೂಳೆಯ ಒಡಲಲ್ಲೇ ಹೂತಿರುವ ಆಸ್ಟಿಯೋಸೈಟ್‌ಗಳು. ಭಾರ ಬಿದ್ದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯನ್ನು ಅವು ಗ್ರಹಿಸುತ್ತವೆ. ಭಾರ ಬೀಳುತ್ತಲೇ ಇದ್ದರೆ ಈ ಜಾಗ ಬೇಕಾಗಿದೆ ಎಂಬ ಸುದ್ದಿ ಹೋಗುತ್ತದೆ, ಬೀಳದಿದ್ದರೆ ಕೆಡವುವವರ ಕೈ ಮೇಲಾಗುತ್ತದೆ. ಹೊರಿಸಿದ ಭಾರಕ್ಕೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲಿ ಪುಸ್ತಕವಾಗಿಯೇ ಬರೆದರು. ಚಿಕ್ಕಂದಿನಿಂದ ಟೆನಿಸ್ ಆಡಿದವರ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿರುತ್ತದೆ. ದೇಹ ಒಂದೇ, ರಕ್ತ ಒಂದೇ, ತಿಂದ ಅನ್ನವೂ ಒಂದೇ. ಬೇರೆಯಾದದ್ದು ಕೆಲಸ ಮಾತ್ರ.

ಇದರ ಇನ್ನೊಂದು ಬದಿ ಬಾಹ್ಯಾಕಾಶದಲ್ಲಿ ಕಂಡಿದೆ. ತಿಂಗಳುಗಟ್ಟಲೆ ಭಾರವಿಲ್ಲದೆ ತೇಲುವ ಗಗನಯಾತ್ರಿಗಳ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಸುಮಾರು ಶೇಕಡ 1ರಿಂದ 1.5ರಷ್ಟು ಇಳಿಯುತ್ತದೆ. ಅವರು ಆಯ್ದು ತರಬೇತಾದ ಗಟ್ಟಿ ಜನ. ಈ ನಷ್ಟವನ್ನು ತಡೆಯಲೆಂದೇ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮವನ್ನೂ ಮಾಡುತ್ತಾರೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿಗೆ ಆಗುವುದೂ ಇದೇ ಬಗೆಯದು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿದು, ಮೊದಲ ಕೆಲವು ವರ್ಷಗಳಲ್ಲೇ ಹೆಂಗಸರು ಬೇಗಬೇಗ ಮೂಳೆ ಕಳೆದುಕೊಳ್ಳುತ್ತಾರೆ. ಅಮ್ಮನ ವಿಷಯದಲ್ಲಿ ಅದು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಆಗಲೇ ತೆಳುವಾಗಿದ್ದ ಮೂಳೆಗೆ, ಇದ್ದೊಂದು ಕೆಲಸವನ್ನೂ ನಾವು ಕೈಯಾರೆ ತಪ್ಪಿಸಿದೆವು.

ಅಜ್ಜಿಯ ಬೆನ್ನು

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲಿ, ‘ನಮ್ಮ ಹಿಂದಿನವರು ಮೈಮುರಿದು ದುಡಿಯುತ್ತಿದ್ದರು, ರಾಗಿ ಉಣ್ಣುತ್ತಿದ್ದರು, ಅವರ ಮೂಳೆ ಕಬ್ಬಿಣದಂತಿತ್ತು’ ಎಂಬ ತೀರ್ಮಾನಕ್ಕೆ ಬರುವುದು ಬಹಳ ಸುಲಭವಾಗಿತ್ತು. ಒಂದೆರಡು ದಿನ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಅಜ್ಜಿಯ ನೆನಪು ಅದಕ್ಕೆ ಅಡ್ಡ ಬಂತು.

ಅರಕಲಗೂಡಿನ ಬಳಿಯ ಆ ಹಳ್ಳಿಯ ಹಿತ್ತಲಲ್ಲಿ ಸೇದುವ ಬಾವಿಯಿತ್ತು. ಬೇಸಿಗೆ ರಜೆಯಲ್ಲಿ ಹೋದಾಗ ಬೆಳಗಿನ ಜಾವದ ರಾಟೆಯ ಕಿರುಗುಟ್ಟುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಅಜ್ಜಿ ಒಂದು ಕಾಲನ್ನು ಕಟ್ಟೆಗೆ ಒತ್ತಿ, ಹಗ್ಗವನ್ನು ಕೈ ಬದಲಿಸುತ್ತ ಎಳೆದು, ತುಂಬಿದ ತಾಮ್ರದ ಕೊಡವನ್ನು ಸೊಂಟಕ್ಕೇರಿಸುತ್ತಿದ್ದ ಬಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಕೊಡ ಮೇಲೆ ಬರುವ ಕ್ಷಣದಲ್ಲಿ ಅವಳು ಉಸಿರು ಬಿಗಿಹಿಡಿದು ‘ಹ್ಞೂಂ’ ಎನ್ನುತ್ತಿದ್ದಳು. ರಾಗಿಕಲ್ಲು ಬೀಸುತ್ತಿದ್ದಳು, ಒನಕೆ ಹಿಡಿದು ಕುಟ್ಟುತ್ತಿದ್ದಳು, ಗದ್ದೆಗೆ ಬುತ್ತಿ ಹೊತ್ತು ಹೋಗುತ್ತಿದ್ದಳು. ಭಾರಕ್ಕೆ ಕೊರತೆಯೇ ಇರಲಿಲ್ಲ. ಹೀಗಿದ್ದೂ ಅರವತ್ತೈದು ದಾಟುವಷ್ಟರಲ್ಲಿ ಅವಳ ಬೆನ್ನು ಬಾಗಿತು. ಎಪ್ಪತ್ತಕ್ಕೆ ಬಂದಾಗ ಎದುರಿಗಿದ್ದವರ ಮುಖ ನೋಡಬೇಕಾದರೆ ಕತ್ತನ್ನು ಪಕ್ಕಕ್ಕೆ ಹೊರಳಿಸಿ ನೋಡುತ್ತಿದ್ದಳು. ಮಕ್ಕಳಾದ ನಮಗೆ ಅಜ್ಜಿಯರೆಂದರೆ ಗೂನುಬೆನ್ನೇ ಸಹಜ ಎನಿಸಿತ್ತು. ಅಂಥ ಬಹಳಷ್ಟು ಗೂನುಗಳ ಹಿಂದೆ ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಕುಸಿದಿರುತ್ತವೆ, ಅವು ಸದ್ದಿಲ್ಲದ ಮುರಿತಗಳು ಎಂದು ಯಾರಿಗೆ ಗೊತ್ತಿತ್ತು? ಬಿಸಿ ಎಣ್ಣೆ ತಿಕ್ಕಿಸಿಕೊಂಡು ಅವಳು ನೋವು ನುಂಗಿದಳು.

ಅಜ್ಜಿಗೆ ಆಗಿದ್ದೇನೆಂದು ಈಗ ಪರೀಕ್ಷೆ ಮಾಡಿಸಲಾಗದು. ಆದರೆ ಅವಳ ಬದುಕಿನ ಲೆಕ್ಕ ನನಗೆ ಗೊತ್ತು. ಎಂಟು ಹೆರಿಗೆ, ಬಾಣಂತನ ಮುಗಿಯುವ ಮೊದಲೇ ಮುಂದಿನ ಬಸಿರು, ಎಲ್ಲರೂ ಉಂಡ ಮೇಲೆ ತಪ್ಪಲೆಯ ತಳದಲ್ಲಿ ಉಳಿದದ್ದೇ ಊಟ, ಹಾಲು ಡೈರಿಗೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಮ್ಮ ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಕಟ್ಟುವವರಿಗೆ ಕೆಲಸ ಹೇಳಿದರೆ ಸಾಲದು, ಇಟ್ಟಿಗೆ ಗಾರೆಯನ್ನೂ ಒದಗಿಸಬೇಕು. ಅಷ್ಟೇ ಮುಖ್ಯವಾದದ್ದು ಅವಳ ಕೆಲಸದ ಭಂಗಿ. ಮೋಟು ಪೊರಕೆ ಹಿಡಿದು ಗುಡಿಸುವುದು, ಸಗಣಿ ಸಾರಿಸುವುದು, ನಾಟಿ, ಕಳೆ ಎಲ್ಲವೂ ಬೆನ್ನನ್ನು ಕಮಾನಿನಂತೆ ಬಗ್ಗಿಸಿಯೇ ಆಗಬೇಕಾದ ಕೆಲಸಗಳು. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಬೆನ್ನುಮೂಳೆ ಟೊಳ್ಳಾಗಿದ್ದ 59 ಹೆಂಗಸರಲ್ಲಿ, ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರ ಪೈಕಿ ಶೇಕಡ 89ರಷ್ಟು ಮಂದಿಗೆ ಮುಂದೆ ಬೆನ್ನಿನ ಮಣಿಗಳ ಹೊಸ ಕುಸಿತಗಳು ಕಂಡವು. ಬೆನ್ನನ್ನು ಹಿಂದಕ್ಕೆ ಸೆಟೆಸುವ ವ್ಯಾಯಾಮ ಮಾಡಿದವರಲ್ಲಿ ಅದು ಶೇಕಡ 16 ಮಾತ್ರ. ಗುಂಪು ಚಿಕ್ಕದು, ಆದರೂ ಅಂತರ ಕಣ್ಣಿಗೆ ಹೊಡೆಯುವಂತಿದೆ. ಮೈಸೂರಿನಲ್ಲಿ ಬೀದಿಗೊಂದು ಯೋಗ ತರಗತಿಯಿದೆ. ಅಮ್ಮನ ವಯಸ್ಸಿನ ಅನೇಕರು ಅಲ್ಲಿ ಪಶ್ಚಿಮೋತ್ತಾನಾಸನ, ಹಲಾಸನಗಳನ್ನು ಶ್ರದ್ಧೆಯಿಂದ ಮಾಡುತ್ತಾರೆ. ಮೂಳೆ ಟೊಳ್ಳಾಗಿದೆಯೆಂದು ಗೊತ್ತಾದವರು ಅವನ್ನು ಬಿಟ್ಟು ವೃಕ್ಷಾಸನ, ವೀರಭದ್ರಾಸನದಂಥ ನಿಂತು ಮಾಡುವವನ್ನು ಉಳಿಸಿಕೊಳ್ಳಬೇಕು ಎಂದು ಕಂಡಕಂಡವರಿಗೆಲ್ಲ ಹೇಳುತ್ತಿರುತ್ತೇನೆ.

ನಡೆದರೆ ಸಾಲದೇ

ಸ್ಕ್ಯಾನ್ ಆದ ಮೊದಲ ವಾರ ನಾನು ಮಾಡಿದ ಕೆಲಸವೆಂದರೆ ಅಮ್ಮನನ್ನು ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋದದ್ದು. ಬೆಳಗ್ಗೆ ಆರಕ್ಕೆ ಆ ಏರಿಯ ಮೇಲೆ ಅರ್ಧ ಮೈಸೂರೇ ನಡೆಯುತ್ತಿರುತ್ತದೆ. ನಡಿಗೆಯಿಂದ ಎದೆಗೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಆಗುವ ಒಳಿತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮೂಳೆಯ ಮಟ್ಟಿಗೆ ಬರೀ ನಡಿಗೆಯ ಕೊಡುಗೆ ಸಣ್ಣದು. ಮೂಳೆ ದಿನವೂ ನೋಡುತ್ತಿರುವ ಭಾರಕ್ಕೆ ಸ್ಪಂದಿಸುವುದಿಲ್ಲ. ಅದಕ್ಕೆ ಹೊಸದು ಬೇಕು, ತುಸು ಜೋರಾದದ್ದು ಬೇಕು, ಬಿಟ್ಟು ಬಿಟ್ಟು ಬರಬೇಕು. ಹಕ್ಕಿಯ ರೆಕ್ಕೆಯ ಮೂಳೆಯ ಮೇಲೆ ಭಾರ ಹಾಕಿ ನೋಡಿದ 1984ರ ಒಂದು ಪ್ರಯೋಗದಲ್ಲಿ, ದಿನಕ್ಕೆ ನಾಲ್ಕೇ ನಾಲ್ಕು ಸಲ ಭಾರ ಬಿದ್ದರೂ ಮೂಳೆಯ ನಷ್ಟ ನಿಂತಿತು. 36 ಸಲ ಬಿದ್ದಾಗ ಮೂಳೆ ಬೆಳೆಯಿತು. 1800 ಸಲಕ್ಕೆ ಏರಿಸಿದಾಗ ಅದಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ. ನೂರಾರು ಸುತ್ತು ಒಂದೇ ಹದದಲ್ಲಿ ನಡೆಯುವುದಕ್ಕಿಂತ, ಹತ್ತು ಸಲ ಭಾರ ಎತ್ತುವುದನ್ನು ಮೂಳೆ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಂಡೆ.

ಹಕ್ಕಿಯ ಮಾತು ಮನುಷ್ಯರಿಗೆ, ಅದರಲ್ಲೂ ಆಗಲೇ ಮೂಳೆ ತೆಳುವಾದ ಹೆಂಗಸರಿಗೆ ಅನ್ವಯಿಸುತ್ತದೆಯೇ ಎಂಬ ಅಳುಕು ಸಹಜ. ಭಾರ ಎತ್ತಿಸಿದರೆ ಮುರಿದೀತೆಂದು ವೈದ್ಯರೂ ಬಹುಕಾಲ ಹೆದರುತ್ತಿದ್ದರು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ಮತ್ತು ಸಂಗಡಿಗರು ನಡೆಸಿದ ‘ಲಿಫ್ಟ್‌ಮೋರ್’ ಎಂಬ ಅಧ್ಯಯನ ಆ ಹೆದರಿಕೆಯನ್ನು ಬಹುಮಟ್ಟಿಗೆ ಇಳಿಸಿತು. ಮೂಳೆ ಸಾಂದ್ರತೆ ಕಡಿಮೆಯಾಗಿದ್ದ, ಮುಟ್ಟು ನಿಂತ 101 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಎರಡು ಸಲ, ಅರ್ಧ ಗಂಟೆ, ತರಬೇತುದಾರರ ಕಣ್ಗಾವಲಿನಲ್ಲಿ ನಿಜವಾದ ತೂಕದ ಕಂಬಿಗಳನ್ನು ಎತ್ತಿಸಿದರು, ಜಿಗಿದು ನೆಲಕ್ಕೆ ಇಳಿಸಿದರು. ಎಂಟು ತಿಂಗಳಾದ ಮೇಲೆ ಅವರ ಬೆನ್ನುಮೂಳೆಯ ಸಾಂದ್ರತೆ ಶೇಕಡ 2.9ರಷ್ಟು ಏರಿತ್ತು, ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನದು ಶೇಕಡ 1.2ರಷ್ಟು ಇಳಿದಿತ್ತು. ಮುರಿತಗಳಾಗಲಿಲ್ಲ. ಇದನ್ನು ಓದಿ ಮನೆಯಲ್ಲಿ ತಾವೇ ಭಾರ ಎತ್ತಲು ಹೊರಡಬಾರದು ಎಂಬುದನ್ನು ಒತ್ತಿ ಹೇಳುತ್ತೇನೆ. ಅವರು ಹಗುರದಿಂದ ಆರಂಭಿಸಿ, ಭಂಗಿ ಕಲಿತು, ಮೆಲ್ಲಮೆಲ್ಲನೆ ಏರಿದವರು.

ಸಾಂದ್ರತೆಯ ಅಂಕಿಗಿಂತಲೂ ನನಗೆ ಹೆಚ್ಚು ಮುಖ್ಯವೆನಿಸುವ ಇನ್ನೊಂದು ಸಂಗತಿಯಿದೆ. ಸೊಂಟದ ಮೂಳೆ ತಾನಾಗಿ ಮುರಿಯುವುದು ಅಪರೂಪ, ಹೆಚ್ಚುಕಡಿಮೆ ಯಾವಾಗಲೂ ಬಿದ್ದೇ ಮುರಿಯುತ್ತದೆ. ಅದರಲ್ಲೂ ಪಕ್ಕಕ್ಕೆ ಬಿದ್ದಾಗ. ಸೊಂಟ ಮುರಿದ ಹಿರಿಯರಲ್ಲಿ ಸುಮಾರು ಐದರಲ್ಲಿ ಒಬ್ಬರು ಅಥವಾ ಅದಕ್ಕೂ ಹೆಚ್ಚು ಮಂದಿ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಹಾಗಾಗಿ ಬೀಳದಂತೆ ನಿಲ್ಲುವುದನ್ನು ಕಲಿಯುವುದೂ ಮೂಳೆಯ ಆರೈಕೆಯೇ. ವ್ಯಾಯಾಮದಿಂದ ಹಿರಿಯರು ಬೀಳುವ ಪ್ರಮಾಣ ಸುಮಾರು ಶೇಕಡ 23ರಷ್ಟು ತಗ್ಗುತ್ತದೆ ಎಂದು ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕಾಕ್ರೇನ್ ಪರಾಮರ್ಶೆ ತೋರಿಸಿದೆ. ಅರವತ್ತೈದು ದಾಟಿದವರು ನಡಿಗೆಯಂಥದ್ದರ ಜೊತೆಗೆ ಸಮತೋಲ ಮತ್ತು ಬಲದ ವ್ಯಾಯಾಮಗಳನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದಕ್ಕಾಗಿಯೇ.

ರಾಗಿಯ ಚೀಲ

ವೈದ್ಯರು ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟರು. ಭಾನುವಾರ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ತುಂಬ ನೀರಿನೊಂದಿಗೆ ಅದನ್ನು ನುಂಗಿ, ಅರ್ಧ ಗಂಟೆ ಮಲಗದೆ, ಕಾಫಿಯನ್ನೂ ಮುಟ್ಟದೆ ಇರಬೇಕು. ಅಮ್ಮನಿಗೆ ಮಾತ್ರೆಗಿಂತ ಆ ಅರ್ಧ ಗಂಟೆಯ ಕಾಫಿಯಿಲ್ಲದ ಕಾಯುವಿಕೆಯೇ ಕಷ್ಟವಾಗಿತ್ತು. ವ್ಯಾಯಾಮ ಮಾಡಿದರೆ ಮಾತ್ರೆ ಬೇಡ ಎಂದು ಯಾರೂ ತಿಳಿಯಬಾರದು. ಅವಳ ಮಟ್ಟಿನ ನಷ್ಟಕ್ಕೆ ಎರಡೂ ಬೇಕು.

ಫಿಸಿಯೋಥೆರಪಿಯ ಹುಡುಗಿ ಮನೆಗೆ ಬಂದ ಮೊದಲ ದಿನ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ‘ಅಮ್ಮಾ, ಕೈ ಎದೆ ಮೇಲೆ ಕಟ್ಕೊಂಡು ಎದ್ದು ಕೂತು ಮಾಡಿ, ಮೂವತ್ತು ಸೆಕೆಂಡು’ ಎಂದಳು. ಅಮ್ಮನ ವಯಸ್ಸಿನ ಹೆಂಗಸರು ಹತ್ತು ಸಲವಾದರೂ ಏಳಬೇಕು. ಅಮ್ಮ ನಾಲ್ಕು ಸಲ ಎದ್ದಳು. ಐದನೆಯದಕ್ಕೆ ಕೈ ತಾನಾಗಿ ಕುರ್ಚಿಯ ತೋಳಿಗೆ ಹೋಯಿತು. ಅಲ್ಲಿಂದ ಶುರುವಾಯಿತು. ಕುರ್ಚಿಯಿಂದ ಏಳುವುದು, ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ದಪ್ಪನೆ ನೆಲಕ್ಕೆ ಬಿಡುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಹಾಲು ಉಕ್ಕುವುದನ್ನು ಕಾಯುವ ಹೊತ್ತೆಲ್ಲ ಹಿಮ್ಮಡಿಯ ಹೊತ್ತಾಯಿತು. ನೆಲದ ಮೇಲೆ ಕೂತು ಏಳುವುದನ್ನು ಮಂಚದ ಅಂಚು ಹಿಡಿದು ಮಗುವಿನಂತೆ ಹೊಸದಾಗಿ ಕಲಿತಳು. ಇದರ ನಡುವೆ ಅಂಗಳದ ಪಾಚಿಯನ್ನು ಉಜ್ಜಿಸಿದೆವು, ಬಚ್ಚಲಲ್ಲಿ ಹಿಡಿಕೆ ಹಾಕಿಸಿದೆವು.

ಭಾರ ಎತ್ತುವ ಪಾಠ ಬಂದಾಗ ಡಂಬೆಲ್ ತರುತ್ತೇನೆಂದೆ. ಅಮ್ಮ ಬೇಡವೆಂದು ಹಳೆಯ ಸೀರೆಯಲ್ಲಿ ಹಿಡಿಕೆಯಿರುವ ಚೀಲವೊಂದನ್ನು ತಾನೇ ಹೊಲಿದು, ಎರಡು ಸೇರು ರಾಗಿ ಸುರಿದಳು. ಚೀಲವನ್ನು ಮಣೆಯ ಮೇಲಿಟ್ಟು, ಬೆನ್ನು ಬಗ್ಗಿಸದೆ ಮಂಡಿ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಎತ್ತುವುದನ್ನು ಹುಡುಗಿ ಹೇಳಿಕೊಟ್ಟಳು. ಎರಡು ವಾರಕ್ಕೊಮ್ಮೆ ಒಂದು ಪಾವು ಹೆಚ್ಚು. ಪಾವಿನ ಲೆಕ್ಕ ಕ್ಯಾಲೆಂಡರಿನ ಏಕಾದಶಿ, ಹಾಲಿನ ಲೆಕ್ಕಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬೀಳುತ್ತದೆ. ಕಳೆದ ತಿಂಗಳು ಮೂವತ್ತು ಸೆಕೆಂಡಿಗೆ ಒಂಬತ್ತು ಸಲ ಎದ್ದಳು. ಮುಂದಿನ ಸ್ಕ್ಯಾನ್‌ಗೆ ಇನ್ನೂ ಸಮಯವಿದೆ.

ಮೊನ್ನೆ ಸಂಜೆ ನಾನು ಕೆಲಸದಿಂದ ಬಂದಾಗ ಅಮ್ಮ ಚೀಲಕ್ಕೆ ಹೊಸ ಪಾವು ಸುರಿದು ಬಾಯಿ ಕಟ್ಟುತ್ತಿದ್ದಳು. ಹತ್ತು ಸಲ ಎತ್ತಿ ಇಳಿಸಿದಳು. ಏಳನೆಯದಕ್ಕೆ ಉಸಿರು ಬಿಗಿಹಿಡಿದು ‘ಹ್ಞೂಂ’ ಎಂದಾಗ ಹಿತ್ತಲಿನ ಬಾವಿಯ ಸದ್ದೇ ಕೇಳಿದಂತಾಯಿತು. ಆಮೇಲೆ ಚೀಲವನ್ನು ನನ್ನ ಕಡೆ ಸರಿಸಿ, ‘ನೀನೂ ಎತ್ತೇ, ನಿಂಗೂ ಐವತ್ತೆರಡಾಯ್ತು’ ಎಂದಳು. ಬ್ಯಾಗು ಕೆಳಗಿಟ್ಟು, ಸೆರಗು ಸಿಕ್ಕಿಸಿ ಎತ್ತತೊಡಗಿದೆ. ಅವಳು ಎಣಿಸುತ್ತಿದ್ದಳು. ತೊಡೆ ಉರಿದು ಏಳಕ್ಕೆ ನಿಲ್ಲಿಸಿದಾಗ, ‘ಇನ್ನೂ ಮೂರಿದೆ’ ಎಂದಳು.